ತವರಿನ ಹಗ್ಗ

ಆಗೆಲ್ಲ ದನ ಮಾರಿದರೆ ಹಗ್ಗ ಮಾರುತ್ತಿರಲಿಲ್ಲ. ಕೊಂಡವನು ತನ್ನದೇ ಹೊಸ ಹಗ್ಗವನ್ನು ಹೆಗಲ ಮೇಲೆ ಹಾಕಿಕೊಂಡು ಬರಬೇಕು, ಅದನ್ನು ದನದ ಕೊರಳಿಗೆ ಕಟ್ಟಬೇಕು. ಆಮೇಲೆ ಮಾರಿದವನು ತನ್ನ ಹಗ್ಗ ಬಿಚ್ಚಿಕೊಂಡು ಕೊಟ್ಟಿಗೆಯ ಗೋಡೆಗೆ ನೇತುಹಾಕಬೇಕು. ದನ ಹೋದರೂ ಕೊಟ್ಟಿಗೆಯ ಸಿರಿ ಹಗ್ಗದಲ್ಲಿ ಉಳಿಯುತ್ತದೆ, ಹಗ್ಗವೇ ಹೋದರೆ ಕೊಟ್ಟಿಗೆ ಬರಿದಾಗುತ್ತದೆ ಎಂದು ನಂಬಿದ್ದರು. ನಾಗಮಂಗಲವೋ ಪಾಂಡವಪುರವೋ, ನಮ್ಮ ಕಡೆ ದನ ಕಟ್ಟಿದ ಮನೆಯಲ್ಲಿ ಬೆಳೆದ ಯಾರನ್ನಾದರೂ ಕೇಳಿ, ಹೇಳುತ್ತಾರೆ. ನಲವತ್ತು ದಾಟಿದವರನ್ನು ಕೇಳಬೇಕು, ಅಷ್ಟೆ.

ನಾನು ಇಂಗ್ಲಿಷ್ ಮೇಡಂ. ಕೆ.ಆರ್. ಪೇಟೆ ಹತ್ತಿರದ ಒಂದು ಹೈಸ್ಕೂಲಿನಲ್ಲಿ ವರ್ಷಗಟ್ಟಲೆಯಿಂದ ಅದೇ ಪಾಠ, ಅದೇ ತಪ್ಪು, ಅದೇ ಕೆಂಪು ಶಾಯಿ. ಹೋದ ತಿಂಗಳು ಪಾಠದ ನಡುವೆ 'ಟೆದರ್' ಎಂಬ ಮಾತು ಬಂತು. ಯಾರಿಗಾದರೂ ಗೊತ್ತಾ ಎಂದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, ಒಂದು ಮೊಬೈಲಿನ ನೆಟ್ಟನ್ನು ಇನ್ನೊಂದಕ್ಕೆ ಕೊಡುವುದು ಮಿಸ್ ಎಂದ. ತಪ್ಪೇನಲ್ಲ, ಈಗ ಆ ಅರ್ಥವೂ ಇದೆ. ದನ ಕಟ್ಟುವ ಹಗ್ಗ ಕಣಪ್ಪ ಅದು ಎಂದೆ. ಅವನು ಹೌದಾ ಎನ್ನುವಂತೆ ನೋಡಿ ಕೂತ. ಊಟದ ನಂತರದ ಪೀರಿಯಡ್ಡು, ಸೆಕೆ, ಮಕ್ಕಳಿಗೂ ನಿದ್ದೆ, ನನಗೂ ನಿದ್ದೆ. ಮುಂದೆ ಹೇಳುವ ತ್ರಾಣ ಇರಲಿಲ್ಲ. ಆವತ್ತು ಕ್ಲಾಸಿನಲ್ಲಿ ಹೇಳದೆ ಉಳಿದದ್ದನ್ನು ಇಲ್ಲಿ ಹೇಳುತ್ತಿದ್ದೇನೆ.

ನಮ್ಮೂರು ಹೊಣಕೆರೆಯಿಂದ ಎರಡು ಮೈಲಿ. ತೊಂಬತ್ತರ ದಶಕದ ನಡುವೆ ನಾನು ಏಳನೇ ಕ್ಲಾಸಿನಲ್ಲಿದ್ದೆ. ಮನೆಯಲ್ಲಿ ಅಪ್ಪ, ಅವ್ವ, ಅಪ್ಪನ ತಾಯಿಯಾದ ಅಜ್ಜಿ, ನಾನು. ಕೊಟ್ಟಿಗೆಯಲ್ಲಿ ಒಂದು ಜೊತೆ ಎತ್ತು ಮತ್ತು ಸೋಮಿ. ಸೋಮಿ ಹುಟ್ಟಿದ್ದು ಸೋಮವಾರ, ಅದಕ್ಕೇ ಆ ಹೆಸರು. ನಮ್ಮ ಮನೆಯಲ್ಲಿ ಹೆಸರಿಡುವುದಕ್ಕೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ.

ಸೋಮಿಯ ತಾಯಿ ಅವ್ವನ ಬಳುವಳಿಯ ಹಸು. ಅವ್ವನ ತವರು ಅರಕೆರೆ. ಕಾಲುವೆ ನೀರು, ಭತ್ತ, ಕಬ್ಬು. ಬಾಗಿಲು ತೆಗೆದರೆ ಹಸಿರು. ಅಲ್ಲಿಂದ ಮಳೆಯನ್ನೇ ನಂಬಿದ ನಮ್ಮ ಬೆದ್ದಲು ಸೀಮೆಗೆ ಮದುವೆಯಾಗಿ ಬರುವಾಗ ಅವಳ ಅಪ್ಪ ಒಂದು ಹಸುವನ್ನು ಹಗ್ಗ ಸಮೇತ ಜೊತೆಗೆ ಕಳಿಸಿದ್ದ. ಮಾರಿದರೆ ಹಗ್ಗ ಕೊಡುವಂತಿಲ್ಲ, ಆದರೆ ಮಗಳಿಗೆ ಕೊಡುವಾಗ ಹಗ್ಗದ ಜೊತೆಗೇ ಕೊಡಬೇಕು. ಆ ಹಗ್ಗವನ್ನು ನನ್ನ ಆ ತಾತ ತಾನೇ ಹೊಸೆದಿದ್ದನಂತೆ. ಕತ್ತಾಳೆ ಪಟ್ಟೆ ಕುಯ್ದು, ಕಟ್ಟೆ ನೀರಿನಲ್ಲಿ ನೆನೆಹಾಕಿ, ಊರೆಲ್ಲ ಮೂಗು ಮುಚ್ಚಿಕೊಳ್ಳುವಂತೆ ಕೊಳೆಸಿ, ಬಡಿದು, ನಾರು ತೆಗೆದು, ಮೂರೆಳೆ ಹುರಿ ಮಾಡಿ ಹೊಸೆದ ಹಗ್ಗ. ಹಸುವಿನ ಕೊರಳಿಗೆ ಉಜ್ಜಬಾರದೆಂದು ಕುಣಿಕೆಯ ಭಾಗಕ್ಕೆ ಅವ್ವನ ಚಿಕ್ಕಂದಿನ ಕೆಂಪು ಲಂಗ ಹರಿದು ಸುತ್ತಿ ಹೊಲಿದಿದ್ದ. ತಾತ ನಾನು ಹುಟ್ಟುವ ಮೊದಲೇ ಹೋದ. ಬಳುವಳಿಯ ಹಸುವೂ ಹೋಯಿತು. ಉಳಿದದ್ದು ಅದರ ಹೊಟ್ಟೆಯಲ್ಲಿ ಹುಟ್ಟಿದ ಸೋಮಿ ಮತ್ತು ಈ ಹಗ್ಗ.

ಅವ್ವ ಅದನ್ನು ದಿನದ ಬಳಕೆಗೆ ತೆಗೆಯುತ್ತಿರಲಿಲ್ಲ. ನಡುಮನೆಯ ಮೊಳೆಗೆ ತೂಗುಹಾಕಿರುತ್ತಿದ್ದಳು. ವರ್ಷಕ್ಕೊಂದು ಸಲ, ಸಂಕ್ರಾಂತಿಯ ದಿನ, ದನದ ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಕಿಚ್ಚು ಹಾಯಿಸುವಾಗ ಮಾತ್ರ ಸೋಮಿಯ ಕೊರಳಿಗೆ ತವರಿನ ಹಗ್ಗ. ಆ ವರ್ಷದ ಸಂಕ್ರಾಂತಿಯಲ್ಲೂ ಹಾಗೇ ಆಯಿತು. ಅವರೆಕಾಯಿ ಸೊಗಡು ಇನ್ನೂ ಕೈಯಲ್ಲಿತ್ತು, ಮನೆಯೆಲ್ಲ ಹಿತಕಿದ ಬೇಳೆ ಸಾರಿನ ಘಮ. ಹುಲ್ಲಿನ ಬೆಂಕಿ ಭುಗಿಲೆದ್ದಾಗ ಸೋಮಿ ಬೆದರಿ ನಿಂತಿತು. ಅವ್ವ ಆ ಹಗ್ಗ ಹಿಡಿದು ಮುಂದೆ ಓಡಿದಳು, ಸೋಮಿ ಅವಳ ಹಿಂದೆ ಜಿಗಿಯಿತು. ಅವ್ವ ಓಡಿದ್ದನ್ನು, ಓಡಿ ನಕ್ಕದ್ದನ್ನು ನಾನು ನೋಡುತ್ತಿದ್ದದ್ದು ಆ ಒಂದು ದಿನವೇ.

ಮಿಕ್ಕ ದಿನ ಅವಳು ನಡೆಯುತ್ತಿದ್ದಳು. ತಲೆಯ ಮೇಲೆ ಹುಲ್ಲು, ಸೊಂಟದಲ್ಲಿ ಬಿಂದಿಗೆ. ಬೋರಿನ ನೀರು ಬರುತ್ತಿದ್ದದ್ದು ಊರ ಆ ಕೊನೆಗೆ, ನಮ್ಮ ಮನೆ ಈ ಕೊನೆಗೆ. ದನಗಳ ಬಾನಿ ತುಂಬಲು ಬೆಳಿಗ್ಗೆ ಎಂಟು ಸಲ, ಸಂಜೆ ಎಂಟು ಸಲ. ಅವಳ ಮಾತೂ ಬರಬರುತ್ತ ಕಡಿಮೆಯಾಗಿತ್ತು. ಏನು ಕೇಳಿದರೂ ಒಂದು ಉಸಿರು ಬಿಟ್ಟು ಆಮೇಲೆ ಉತ್ತರ ಹೇಳುತ್ತಿದ್ದಳು. ಆಗ ನನಗೆ ಅದು ಬೇಸರ ತರಿಸುತ್ತಿತ್ತು. ಈಗ ನಾನೂ ಹಾಗೇ ಉತ್ತರ ಹೇಳುತ್ತೇನೆ.

ಸಂಕ್ರಾಂತಿ ಕಳೆದ ಮೇಲೆ ನಮ್ಮ ಇಂಗ್ಲಿಷ್ ಮೇಷ್ಟ್ರು ಒಂದು ಕಥೆಯ ಪಾಠ ಶುರುಮಾಡಿದರು. ಅವರು ಪಾಂಡವಪುರದಿಂದ ಬಸ್ಸಿನಲ್ಲಿ ಬರುತ್ತಿದ್ದರು. ತೆಳ್ಳಗಿನ ಮನುಷ್ಯ, ಕಂಕುಳಲ್ಲಿ ನ್ಯೂಸ್ ಪೇಪರಿನ ರಟ್ಟು ಹಾಕಿದ ದಪ್ಪ ನಿಘಂಟು. ಪಾಠದಲ್ಲಿ ಮರಕ್ಕೆ ಕಟ್ಟಿದ ಮೇಕೆಯೊಂದು ಬಂತು, ಅದರ ಜೊತೆ 'ಟೆದರ್' ಬಂತು. ಮೇಷ್ಟ್ರು ಅದನ್ನು ಬೋರ್ಡಿನ ಮೇಲೆ ದೊಡ್ಡದಾಗಿ ಬರೆದು, ನಿಮ್ಮ ಮನೆಗಳಲ್ಲಿ ಇದಕ್ಕೆ ಏನನ್ನುತ್ತೀರಿ ಎಂದು ಕೇಳಿದರು.

ಇಂಗ್ಲಿಷ್ ಪೀರಿಯಡ್ಡಿನಲ್ಲಿ ನಮಗೆ ಉತ್ತರ ಗೊತ್ತಿದ್ದದ್ದು ಅದೇ ಮೊದಲು. ಎಲ್ಲರೂ ಒಟ್ಟಿಗೇ ಎದ್ದೆವು. ಕರುವಿಗಾದರೆ ಕಣ್ಣಿ, ಎತ್ತಿಗಾದರೆ ಮೂಗುದಾರ, ಸಾಲಾಗಿ ಕಟ್ಟಿದರೆ ದಾವಣಿ, ಕಣದಲ್ಲಿ ತೆನೆಗೆ ಬಾಯಿ ಹಾಕದಂತೆ ಕಟ್ಟುವುದು ಕುಕ್ಕೆ. ಮೇಷ್ಟ್ರು ಬರೆದೇ ಬರೆದರು. ಅವರ ಒಂದು ಮಾತಿನ ಕೆಳಗೆ ನಮ್ಮ ಮಾತುಗಳಿಗೆ ಬೋರ್ಡು ಸಾಲಲಿಲ್ಲ. ಕೊನೆಗೆ ಸೀಮೆಸುಣ್ಣ ಕೆಳಗಿಟ್ಟು, ಇವೆಲ್ಲ ಬೇರೆ ಬೇರೆ ಕಣ್ರಪ್ಪ, ಟೆದರ್ ಅಂದರೆ ಗೂಟಕ್ಕೆ ಕಟ್ಟಿ, ಸುತ್ತ ಮೇಯುವಷ್ಟು ಉದ್ದ ಬಿಟ್ಟ ಹಗ್ಗ ಮಾತ್ರ ಎಂದು ಸಮಾಧಾನ ಹೇಳಿದರು.

ಆಮೇಲೆ ನಿಘಂಟು ತೆಗೆದು ಆ ಮಾತಿನ ಹುಟ್ಟು ಹೇಳಿದರು. ಅದು ಮೂಲದಲ್ಲಿ ಇಂಗ್ಲೆಂಡಿನದಲ್ಲವಂತೆ. ಉತ್ತರದ ಹಿಮದ ಸೀಮೆಯಿಂದ ಹಡಗಿನಲ್ಲಿ ಬಂದ ಜನರದ್ದಂತೆ. ಮೊದಲು ದೋಚಲು ಬಂದರು, ಆಮೇಲೆ ಅಲ್ಲೇ ಮನೆ ಕಟ್ಟಿ ದನ ಸಾಕಿದರು. ಅವರ ಭಾಷೆ ಆ ನೆಲದಲ್ಲಿ ಹೋಯಿತು, ದನ ಕಟ್ಟುವ ಹಗ್ಗದ ಹೆಸರು ಉಳಿಯಿತು. ಇನ್ನೊಂದು ಅರ್ಥವನ್ನೂ ಹೇಳಿದರು. ಹಗ್ಗ ಎಟಕುವಷ್ಟು ಹುಲ್ಲನ್ನೆಲ್ಲ ಮೇಯ್ದು ಮುಗಿಸಿದ ದನ ಕತ್ತು ಚಾಚಿಕೊಂಡು ನಿಲ್ಲುತ್ತದಲ್ಲ, ಇನ್ನು ತಾಳಲಾರೆ ಎನ್ನುವ ಮನುಷ್ಯನನ್ನೂ ಇಂಗ್ಲಿಷಿನವರು ಹಾಗೇ ಹೇಳುತ್ತಾರಂತೆ: ಇವನ ಹಗ್ಗ ತುದಿಗೆ ಬಂತು ಎಂದು.

ಆ ಮಧ್ಯಾಹ್ನ ಶಾಲೆಯ ಹಿಂದಿನ ಹೊಂಗೆ ಮರಕ್ಕೆ ಹಗ್ಗ ಕಟ್ಟಿ ಅದೇ ಆಟ ಆಡಿದೆವು. ಒಬ್ಬಳು ಹಗ್ಗದ ತುದಿ ಸೊಂಟಕ್ಕೆ ಕಟ್ಟಿಕೊಂಡು ಹಸುವಾಗಬೇಕು, ಮಿಕ್ಕವರು ಅವಳ ಕೈಗೆ ಸಿಗದಂತೆ ಮರದ ಬುಡದ ಹೊಂಗೆಕಾಯಿ ಕದಿಯಬೇಕು. ನಾನು ಹಸುವಾದೆ. ಎಲ್ಲ ಕಾಯಿ ಕದ್ದುಕೊಂಡು ಎಲ್ಲರೂ ಹಗ್ಗದಾಚೆ ನಿಂತು ಕೇಕೆ ಹಾಕುತ್ತಿದ್ದರು. ಒಂದು ಗೇಣು ಸಾಲದೆ ಸೊಂಟ ನೋಯುವವರೆಗೂ ಜಗ್ಗಿದೆ.

ಸಂಜೆ ಮನೆಗೆ ಬಂದು, ಹುಣಸೆಹಣ್ಣು ಕುಟ್ಟುತ್ತ ಕೂತಿದ್ದ ಅವ್ವನಿಗೂ ಅಜ್ಜಿಗೂ ಮೇಷ್ಟ್ರು ಹೇಳಿದ್ದನ್ನೆಲ್ಲ ಒಪ್ಪಿಸಿದೆ. ನಮ್ಮ ಕಡೆ ಬಾಯಲ್ಲಿ 'ಹ' ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಹಗ್ಗ ಅಗ್ಗವಾಗುತ್ತದೆ, ಹಸು ಅಸವಾಗುತ್ತದೆ. ಅಜ್ಜಿಗೆ ಹಡಗಿನ ಜನ ದನ ಸಾಕಿದ್ದೇ ದೊಡ್ಡ ಸುದ್ದಿ. ಹಡಗಿನಲ್ಲಿ ಹುಲ್ಲೆಲ್ಲಿ ಇಟ್ಟುಕೊಂಡಿದ್ದರು ಎಂದು ವಿಚಾರಿಸಿದಳು. ಅವ್ವ ಮಾತ್ರ ಕೊಡತಿ ಕೆಳಗಿಟ್ಟು, ಬೇರೆ ಊರಿನ ಮಾತು ಅಲ್ಲೇ ಉಳಕೊಂಡಿತಾ ಎಂದು ಎರಡು ಸಲ ಕೇಳಿದಳು. ಹೌದು ಎಂದೆ. ನಾವು ಹಾಗೆ ತಾಳಲಾರದೆ ಹೋದರೆ ಏನನ್ನುತ್ತೇವೆ ಎಂದು ಕೇಳಿದೆ.

“ಸಾಕಾಗೋಯ್ತು ಅಂತೀವಿ ಕಣವ್ವ. ಇನ್ನೇನಂತೀವಿ,” ಎಂದು ಅವ್ವ ಮತ್ತೆ ಕುಟ್ಟತೊಡಗಿದಳು.

ಊರಿಗೆ ಹಾಲಿನ ಡೈರಿ ಬಂದು ಎರಡು ವರ್ಷವಾಗಿತ್ತು. ಬೆಳಿಗ್ಗೆ ಸಂಜೆ ಕ್ಯಾನಿನ ಸದ್ದು, ಸಾಲು ನಿಂತ ಹೆಂಗಸರು. ಒಬ್ಬೊಬ್ಬರ ಮನೆಗೇ ಸೀಮೆ ಹಸು ಬರುತ್ತಿತ್ತು. ಅಪ್ಪನಿಗೂ ಆ ಆಸೆ ಹತ್ತಿತು. ಸೋಮಿ ನಾಟಿ ಹಸು. ಕೊಡುತ್ತಿದ್ದ ಹಾಲು ನನ್ನ ಕಾಫಿಗೂ ಅಜ್ಜಿಯ ಮಜ್ಜಿಗೆಗೂ ಸರಿಹೋಗುತ್ತಿತ್ತು, ಈಗ ಗಬ್ಬವಾಗಿ ಅದೂ ನಿಂತಿತ್ತು. ಆದರೂ ಅಪ್ಪ ಅದನ್ನು ಮಾರುವ ಮಾತು ತೆಗೆಯಲಿಲ್ಲ. ಇರಲಿ ಬಿಡು, ಇನ್ನೊಂದು ಗೂಟ ನೆಟ್ಟರಾಯಿತು ಎಂದ. ಮಾರಿಬಿಡಿ ಎಂದದ್ದು ಅವ್ವ.

“ಸೀಮೆ ಅಸ ಬಂದ್ರೆ ಅದುಕ್ಕೆ ದಿನಾ ಮೈ ತೊಳೀಬೇಕು, ಎಲ್ಡು ಬಾನಿ ನೀರು ಬೇಕು. ಇನ್ನೊಂದ್ ಗೂಟ ನನ್ ಕೈಲಿ ಆಗಕಿಲ್ಲ. ಯಾವುದಾದ್ರೂ ಒಂದು ಮಡೀಕಳಿ,” ಎಂದಳು.

ನಾನು ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳಿಸಿಕೊಂಡೆ. ಅವ್ವನ ಮೇಲೆ ನನಗೆ ಬಂದ ಸಿಟ್ಟು ಇಷ್ಟಿಷ್ಟಲ್ಲ. ಸೋಮಿ ಅವಳದ್ದಲ್ಲವೇ, ಅವಳ ತವರಿನದಲ್ಲವೇ. ಅಪ್ಪನೇ ಇರಲಿ ಎಂದಮೇಲೆ ಇವಳಿಗೇನು ರೋಗ. ಎರಡು ದಿನ ಅವಳ ಜೊತೆ ಮಾತು ಬಿಟ್ಟೆ. ಅವಳು ಅದನ್ನು ಗಮನಿಸಿದಂತೆಯೂ ಕಾಣಲಿಲ್ಲ.

ತೊಣ್ಣೂರು ಕಡೆಯ ಗೌಡರೊಬ್ಬರು ಬಂದು ನೋಡಿಹೋದರು. ಒಳ್ಳೆಯ ತಳಿ, ಹೋರಿಗರು ಹಾಕಿದರೆ ಉಳುಮೆಗೆ ಜೊತೆ ಮಾಡಬಹುದು ಎಂದು ಒಪ್ಪಿದರು. ಬರುವ ಗುರುವಾರ ಬಂದು ಹೊಡೆದುಕೊಂಡು ಹೋಗುವುದೆಂದು ಮಾತಾಯಿತು. ಶುಕ್ರವಾರ ಮನೆಯಿಂದ ದನ ಕಳಿಸುವುದಿಲ್ಲ, ಲಕ್ಷ್ಮಿ ಹೋದಂತೆ. ಶನಿವಾರ ಅಮಾವಾಸ್ಯೆ. ಗುರುವಾರ ತಪ್ಪಿದರೆ ಮುಂದಿನ ವಾರಕ್ಕೇ. ಅಜ್ಜಿ ಇದನ್ನು ಬೆರಳು ಮಡಚಿ ಹೇಳುತ್ತಿದ್ದಾಗಲೇ ನನ್ನ ತಲೆಯೊಳಗೆ ಹುಳ ಹೊಕ್ಕಿತು. ಒಂದು ವಾರ ಸಿಕ್ಕರೆ ಅವ್ವನ ಮನಸ್ಸು ಬದಲಾದೀತು, ಗೌಡರಿಗೆ ಬೇರೆ ಹಸು ಸಿಕ್ಕೀತು.

ಗುರುವಾರ ನಾನು ಹೊಟ್ಟೆನೋವೆಂದು ಶಾಲೆಗೆ ಹೋಗಲಿಲ್ಲ. ಅವ್ವ ಬೆಳಿಗ್ಗೆಯೇ ಸೋಮಿಯನ್ನು ತೊಳೆದಳು. ಹಣೆಗೆ ಅರಿಶಿನ ಕುಂಕುಮ ಇಟ್ಟು, ಅಕ್ಕಿ ಬೆಲ್ಲ ಕಲಸಿ ತಿನ್ನಿಸಿದಳು. ಅದರ ಕೊರಳ ಕೆಳಗಿನ ಜೋಲು ಚರ್ಮವನ್ನು ತುಂಬ ಹೊತ್ತು ನೀವುತ್ತ ನಿಂತಿದ್ದಳು. ಸೋಮಿ ಕಣ್ಣು ಅರೆಮುಚ್ಚಿ ಕತ್ತು ಎತ್ತಿಕೊಟ್ಟಿತ್ತು. ನಾನು ಹತ್ತಿರ ಹೋದೆ. ಹೋಗಿ ಎಲೆ ಹಾಕು, ಅವರು ಬರುತ್ತಾರೆ ಎಂದಳು.

ಗೌಡರು ಮಧ್ಯಾಹ್ನಕ್ಕೆ ಬಂದರು. ವಯಸ್ಸಾದವರು, ನಿಧಾನದ ಮಾತು. ಹೆಗಲ ಮೇಲೆ ಸುರುಳಿ ಸುತ್ತಿದ ಹೊಚ್ಚ ಹೊಸ ಹಗ್ಗ. ಬೆಳ್ಳಗಿತ್ತು, ಕತ್ತಾಳೆಯ ವಾಸನೆ ಇನ್ನೂ ಹೋಗಿರಲಿಲ್ಲ. ಅದನ್ನು ಜಗಲಿಯ ಮೇಲಿಟ್ಟು, ಕಾಲು ತೊಳೆದು ಊಟಕ್ಕೆ ಕೂತರು. ಮುದ್ದೆ, ಹುರುಳಿಕಾಳಿನ ಬಸ್ಸಾರು. ಅಪ್ಪ ಅವರ ಪಕ್ಕ ಕೂತ, ಅವ್ವ ಬಡಿಸುತ್ತಿದ್ದಳು. ಅಜ್ಜಿ ಕೊಟ್ಟಿಗೆಯಲ್ಲಿದ್ದಳು. ಜಗಲಿಯಲ್ಲಿ ನಾನು ಮತ್ತು ಆ ಹಗ್ಗ.

ಮನೆಯ ಹಿಂದೆ ರಾಗಿ ಹುಲ್ಲಿನ ಮೆದೆ. ಕೈ ಹೋಗುವಷ್ಟು ದೂರಕ್ಕೆ ಹುಲ್ಲು ಸರಿಸಿ, ತಲೆಯನ್ನೂ ತೂರಿಸಿ, ಹಗ್ಗವನ್ನು ಒಳಕ್ಕೆ ತುರುಕಿದೆ. ಮತ್ತೆ ಹುಲ್ಲು ಒತ್ತಿ ಮುಚ್ಚಿ ಬಂದು ಜಗಲಿಯ ಕಂಬಕ್ಕೆ ಒರಗಿ ನಿಂತೆ.

ಊಟ ಮುಗಿಸಿ ಬಂದ ಗೌಡರು ಜಗಲಿ ನೋಡಿದರು, ತಮ್ಮ ಹೆಗಲು ನೋಡಿಕೊಂಡರು, ಮತ್ತೆ ಜಗಲಿ ನೋಡಿದರು. ಆಮೇಲೆ ಹುಡುಕಾಟ. ನಾಯಿ ಎಳೆದುಕೊಂಡು ಹೋಯಿತೇನೋ ಎಂದು ಅಪ್ಪ ಬೀದಿಯುದ್ದ ಹೋಗಿಬಂದ. ನೀನು ಕಂಡೆಯಾ ಎಂದು ನನ್ನನ್ನು ಕೇಳಿದ. ಇಲ್ಲ ಎಂದೆ. ಎರಡನೆಯ ಸಲ ಕೇಳಿದಾಗ ಅವನ ದನಿ ಬೇರೆಯಾಗಿತ್ತು. ನನ್ನ ಅಪ್ಪ ಕೆಟ್ಟವನಲ್ಲ, ಆದರೆ ಕೈ ಮುಂದು. ಮತ್ತೆ ಇಲ್ಲ ಎಂದೆ.

ನಾನು ನೆನೆಸಿದ್ದಂತೆಯೇ ಆಯಿತು. ಕೊಟ್ಟಿಗೆಯ ತುಂಬ ಹಗ್ಗವಿದ್ದರೂ ಅಜ್ಜಿ ಬಾಗಿಲಿಗೆ ಅಡ್ಡ ನಿಂತುಬಿಟ್ಟಳು. “ಈ ಮನೆ ಅಗ್ಗ ಹೊಸ್ಲು ದಾಟಂಗಿಲ್ಲ ಕಣಪ್ಪ. ನಾನಿರಗಂಟ ದಾಟಂಗಿಲ್ಲ,” ಎಂದಳು. ಅಪ್ಪ ನಾಲ್ಕು ಮನೆ ಕೇಳಿಬಂದ. ಮಾರಿದ ದನಕ್ಕೆ ತಮ್ಮ ಕೊಟ್ಟಿಗೆಯ ಹಗ್ಗ ಯಾರು ಕೊಡುತ್ತಾರೆ. ನೀರು ಸೇದುವ ಹಗ್ಗವನ್ನೂ ಕೊಡಲಿಲ್ಲ. ಹೊಣಕೆರೆಗೆ ಹೋಗಿ ಕೊಂಡು ತರುವಷ್ಟರಲ್ಲಿ ಹೊತ್ತು ಇಳಿಯುತ್ತದೆ, ಗೌಡರು ಬೆಳಕಿರುವಾಗಲೇ ದಾರಿಯ ನೆಂಟರ ಮನೆ ಸೇರಬೇಕಿತ್ತು. ಕೊನೆಗೆ ಅವರು ಹೆಗಲ ಮೇಲಿನ ಟವೆಲ್ಲು ಕೊಡವಿಕೊಂಡು ಎದ್ದರು. ಯಾಕೋ ಶಕುನ ಸರಿಯಿಲ್ಲ, ಬರುವ ವಾರ ನೋಡುವ ಎಂದರು.

ನಾನು ಗೆದ್ದಿದ್ದೆ. ಕಂಬ ಹಿಡಿದುಕೊಂಡೇ ಕುಣಿಯುವಂತಾಯಿತು.

ಅವ್ವ ಅಷ್ಟು ಹೊತ್ತೂ ಸೋಮಿಯ ಪಕ್ಕ ನಿಂತಿದ್ದಳು. ಹುಡುಕಲು ಬಂದಿರಲಿಲ್ಲ. ಗೌಡರು ಎದ್ದದ್ದನ್ನು ಕಂಡು ಮನೆಯ ಕಡೆ ನಡೆದುಬಂದಳು. ನನ್ನ ಹತ್ತಿರ ಬಂದಾಗ ನಿಂತಳು. ನನ್ನ ತಲೆಗೆ ಕೈ ಹಾಕಿ ಜಡೆಯ ಬುಡದಿಂದ ಏನನ್ನೋ ತೆಗೆದು ಬಿಸಾಡಿ ಒಳಗೆ ಹೋದಳು. ಹೊರಗೆ ಬಂದಾಗ ಅವಳ ಕೈಯಲ್ಲಿ ನಡುಮನೆಯ ಮೊಳೆಯ ಮೇಲಿದ್ದ ಹಗ್ಗವಿತ್ತು.

“ಇದುನ್ನ ಕಟ್ಕಳಿ,” ಎಂದು ಗೌಡರ ಮುಂದೆ ಹಿಡಿದಳು.

ಅಜ್ಜಿ ಬಾಯಿ ತೆರೆದಳು. ಅವ್ವ ಅವಳ ಕಡೆ ತಿರುಗಿ, “ಇದು ಈ ಮನೆದಲ್ಲ ಅತ್ತೆ. ನಮ್ಮಪ್ಪ ಕೊಟ್ಟಿದ್ದು. ಇದು ಹೋದ್ರೆ ನಿಮ್ ಸಿರಿ ಹೋಗಕಿಲ್ಲ,” ಎಂದಳು.

ಅಡ್ಡ ನಿಂತಿದ್ದ ಅಜ್ಜಿ ಪಕ್ಕಕ್ಕೆ ಸರಿದಳು. ನಮ್ಮ ಮನೆಯಲ್ಲಿ ಹೊಸ್ತಿಲು ದಾಟಬಹುದಾಗಿದ್ದದ್ದು ಆ ಒಂದೇ ಹಗ್ಗ. ನನ್ನ ಲೆಕ್ಕದಲ್ಲಿ ಅದು ಬಂದಿರಲೇ ಇಲ್ಲ. ಗೌಡರು ಕುಣಿಕೆಗೆ ಸುತ್ತಿದ್ದ ಕೆಂಪು ಬಟ್ಟೆ ನೋಡಿ ಕೈ ಹಿಂದೆ ತೆಗೆದರು. “ತವರಿನ ಅಗ್ಗ ಅಂತೀಯ. ಬ್ಯಾಡ ಕಣವ್ವ, ಬರೋ ವಾರ ಬತ್ತೀನಿ,” ಎಂದರು.

“ಬ್ಯಾಡ ಕಣಣ್ಣ, ಇವತ್ತೇ ಕರ್ಕಂಡೋಗಿ,” ಎಂದಳು ಅವ್ವ.

ಮೆದೆ ನನ್ನಿಂದ ಇಪ್ಪತ್ತು ಹೆಜ್ಜೆ. ಆಗಲೂ ಹೊತ್ತು ಮೀರಿರಲಿಲ್ಲ. ಓಡಿಹೋಗಿ ಗೌಡರ ಹಗ್ಗ ಎಳೆದು ತಂದಿದ್ದರೆ ಸೋಮಿ ಹೋಗುತ್ತಿತ್ತು, ತಾತನ ಹಗ್ಗ ಮೊಳೆಯ ಮೇಲೆ ಉಳಿಯುತ್ತಿತ್ತು. ಅಪ್ಪ ಅಲ್ಲೇ ನಿಂತಿದ್ದ. ನಾನು ಕಂಬ ಬಿಡಲಿಲ್ಲ. ಹೆದರಿಕೆ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಹೆದರಿಕೆಯೇ, ಇನ್ನೇನೂ ಅಲ್ಲ. ಹನ್ನೆರಡು ವರ್ಷದ ಹುಡುಗಿ ಏಟಿಗೆ ಹೆದರಿದಳು ಎಂದರೆ ಯಾರೂ ಬೈಯುವುದಿಲ್ಲ. ಆದರೂ ಅದನ್ನು ಬರೆಯುವಾಗ ಈಗಲೂ ಮುಖ ಬಿಸಿಯಾಗುತ್ತದೆ.

ಅವ್ವ ತಾನೇ ಸೋಮಿಯ ಕೊರಳಿಗೆ ಕಟ್ಟಿದಳು. ಸೋಮಿಗೆ ಆ ಹಗ್ಗ ಎಂದರೆ ಸಂಕ್ರಾಂತಿ. ಕಟ್ಟಿದ ಕೂಡಲೇ ಕಿವಿ ನೆಟ್ಟಗೆ ಮಾಡಿ, ಅವ್ವ ಮುಂದೆ ಓಡುತ್ತಾಳೆ ಎಂದು ಕಾದು ನಿಂತಿತು. ಅವ್ವ ಹಗ್ಗದ ತುದಿಯನ್ನು ಗೌಡರ ಕೈಗೆ ಕೊಟ್ಟು ಪಕ್ಕಕ್ಕೆ ಸರಿದಳು. ಗೌಡರು ನಡೆದರು. ಸೋಮಿ ಎರಡು ಸಲ ಹಿಂದೆ ತಿರುಗಿತು, ಆಮೇಲೆ ಹೋಯಿತು. ಬೀದಿಯ ತಿರುವಿನವರೆಗೂ ಆ ಕೆಂಪು ಬಟ್ಟೆ ಕಾಣುತ್ತಿತ್ತು.

ಆ ಸಂಜೆ ಅವ್ವ ಎಂಟು ಸಲ ನೀರಿಗೆ ಹೋಗಬೇಕಾಗಿರಲಿಲ್ಲ, ಐದೇ ಸಲ ಸಾಕಿತ್ತು. ಆದರೂ ಎಂಟು ಸಲ ಹೋದಳು. ಮಿಕ್ಕ ನೀರನ್ನು ನುಗ್ಗೆ ಗಿಡಕ್ಕೆ ಸುರಿದಳು.

ಮಾರನೆಯ ದಿನ ಮೇಷ್ಟ್ರು, ಕಲಿತ ಮಾತುಗಳಿಂದ ಸ್ವಂತ ವಾಕ್ಯ ಬರೆಯಿರಿ ಎಂದರು. ಟೆದರ್ ಎಂಬ ಮಾತು ಸೇರಿಸಿ, ನಮ್ಮ ಹಸುವನ್ನು ಕೊಟ್ಟಿಗೆಯಲ್ಲಿ ಕಟ್ಟಿದ್ದೆವು ಎಂದು ಭೂತಕಾಲದಲ್ಲಿ ಬರೆದೆ. ಒಂದು ಕಾಗುಣಿತವೂ ತಪ್ಪಿರಲಿಲ್ಲ. ಅವರು ಕೆಂಪು ಶಾಯಿಯಲ್ಲಿ ಸರಿ ಗುರುತು ಹಾಕಿ, ಬೆನ್ನು ತಟ್ಟಿದರು. ಇಂಗ್ಲಿಷಿನಲ್ಲಿ ನನಗೆ ಸಿಕ್ಕ ಮೊದಲ ಶಹಬ್ಬಾಸ್ ಅದು. ಅದನ್ನು ಹಿಡಿದುಕೊಂಡೇ ನಾನು ಇಂಗ್ಲಿಷ್ ಮೇಡಂ ಆದೆ ಎಂದರೆ ಸುಳ್ಳಲ್ಲ.

ಯುಗಾದಿಯ ಹೊತ್ತಿಗೆ ಸೀಮೆ ಹಸು ಬಂತು. ಕಿವಿಗೆ ಹಳದಿ ಬಿಲ್ಲೆ, ಕೊರಳಿಗೆ ಕಬ್ಬಿಣದ ಸರಪಳಿ. ಹಾಲು ಕೊಟ್ಟಿತು, ಒಳ್ಳೆಯ ಹಸುವೇ. ಅವ್ವ ಅದಕ್ಕೂ ಮೈ ತೊಳೆದಳು, ಅದಕ್ಕೂ ನೀರು ಹೊತ್ತಳು. ಹೆಸರು ಮಾತ್ರ ಇಡಲಿಲ್ಲ. ಮಳೆಗಾಲದ ಹೊತ್ತಿಗೆ ಮೆದೆ ಕರಗುತ್ತ ಬಂದು ಗೌಡರ ಹಗ್ಗ ಹುಲ್ಲಿನಿಂದ ಆಚೆ ಇಣುಕಿತು. ಯಾರೂ ಇಲ್ಲದಾಗ ಎಳೆದುಕೊಂಡು ನನ್ನ ಟ್ರಂಕಿನ ತಳಕ್ಕೆ ಹಾಕಿದೆ. ಎಸೆಯಲು ಧೈರ್ಯವಿರಲಿಲ್ಲ, ತೋರಿಸಲೂ ಇರಲಿಲ್ಲ.

ಅಲ್ಲಿಂದ ಆ ಟ್ರಂಕು ಹಾಸ್ಟೆಲ್ಲು, ಬಿ.ಎಡ್., ಕೆಲಸ, ಮದುವೆ ಎಲ್ಲ ಸುತ್ತಿಬಂದಿದೆ. ಅಜ್ಜಿ ಇಲ್ಲ, ಅಪ್ಪನೂ ಇಲ್ಲ. ಅವ್ವ ಈಗ ಕೆ.ಆರ್. ಪೇಟೆಯಲ್ಲಿ ನನ್ನ ಜೊತೆ ಇದ್ದಾಳೆ. ಊರಿನಲ್ಲಿ ದನ ಮಾರುವವರು ಇದ್ದಾರೆ. ಗೂಡ್ಸ್ ಆಟೋ ಮನೆ ಮುಂದೆ ಬಂದು ನಿಲ್ಲುತ್ತದೆ, ಅಂಗಡಿಯ ನೀಲಿ ಪ್ಲಾಸ್ಟಿಕ್ ಹಗ್ಗದ ಸಮೇತ ದನವನ್ನು ಹತ್ತಿಸಿ ಕಳಿಸುತ್ತಾರೆ. ಬಿಚ್ಚಿಕೊಳ್ಳುವ ವ್ಯವಧಾನ ಯಾರಿಗೂ ಇಲ್ಲ, ಅಂಥ ಹಗ್ಗವನ್ನು ಬಿಚ್ಚಿಕೊಂಡು ಮಾಡುವುದೂ ಏನೂ ಇಲ್ಲ. ಕಣ್ಣಿ, ದಾವಣಿ, ಕುಕ್ಕೆ ಎಂದು ಬೋರ್ಡು ತುಂಬಿಸಿದ ನಾವು ನಮ್ಮ ಮಕ್ಕಳಿಗೆ ಒಂದನ್ನೂ ಹೇಳಿಕೊಟ್ಟಿಲ್ಲ. ದನವೇ ಇಲ್ಲದ ಮೇಲೆ ಮಾತು ಯಾವ ಗೂಟಕ್ಕೆ ನಿಂತೀತು. ಹಡಗಿನಲ್ಲಿ ಬಂದವರ ಮಾತಾದರೂ ಮೊಬೈಲಿನೊಳಗೆ ಹೋಗಿ ಉಳಿದುಕೊಂಡಿದೆ.

ಮೊಬೈಲಿನ ಉತ್ತರ ಬಂದ ದಿನ ಸಂಜೆ ಮನೆಗೆ ಹೋದವಳೇ ಟ್ರಂಕು ತೆಗೆದೆ. ಹಗ್ಗ ಹಳದಿಗೆ ತಿರುಗಿತ್ತು, ಮಿಕ್ಕಂತೆ ಹಾಗೇ ಇತ್ತು. ಅವರೆಕಾಯಿ ಸುಲಿಯುತ್ತ ಕೂತಿದ್ದ ಅವ್ವನ ಮುಂದೆ ಇಟ್ಟೆ. ಎಲ್ಲಿಂದ ಶುರುಮಾಡುವುದೆಂದು ನಾನು ಯೋಚಿಸುತ್ತಿರುವಾಗಲೇ ಅವಳು ತುದಿಯನ್ನು ಬೆರಳಲ್ಲಿ ತಿರುವಿ ನೋಡಿದಳು.

“ತೊಣ್ಣೂರು ಗೌಡುಂದಲ್ವ ಇದು,” ಎಂದಳು.

ನಿನಗೆ ಗೊತ್ತಿತ್ತಾ ಎಂದೆ.

“ನಿನ್ ಜಡೇಲಿ ರಾಗಿ ಉಲ್ಲು ಸಿಕ್ಕಂಡಿತ್ತಲ್ಲ.”

ಮತ್ತೆ ಯಾಕೆ ಹೇಳಲಿಲ್ಲ, ಹೇಳಿದ್ದರೆ ನಿನ್ನ ಹಗ್ಗ ಉಳಿಯುತ್ತಿತ್ತಲ್ಲ ಎಂದೆ. ಅವಳು ಎಂದಿನಂತೆ ಒಂದು ಉಸಿರು ಬಿಟ್ಟಳು.

“ಹೇಳಿದ್ರೆ ನಿಮ್ಮಪ್ಪ ಬಂದೋರ ಮುಂದೆ ನಿನ್ನ ದನಕ್ ಬಡ್ದಂಗೆ ಬಡೀತಿದ್ದ. ಸುಮ್ಕಿದ್ರೆ ಗೌಡ ವಾಪಸ್ ಹೋಗ್ತಿದ್ದ. ಇನ್ನೊಂದ್ ವಾರ ಅದರ ಮಕ ನೋಡ್ಕಂಡಿದ್ದು, ಇನ್ನೊಂದ್ ಸಲ ಅರಿಸ್ಣ ಇಕ್ಕಿ ಕಳ್ಸಕ್ಕೆ ನನ್ ಕೈಲಿ ಆಯ್ತಿರ್ಲಿಲ್ಲ. ಸಾಕಾಗೋಗಿತ್ತು ಕಣವ್ವ.”

ಎರಡು ಕಾಯಿ ಸುಲಿದಳು. ಮೂರನೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಕೂತಳು.

“ಅಸ ಯಾವತ್ತಿದ್ರೂ ಸಾಯ್ತಿತ್ತು ಬುಡು. ಅಗ್ಗ ಇರ್ತಿತ್ತು,” ಎಂದಳು.

ನಾನು ಅವಳ ಕಾಲು ಮುಟ್ಟಿದೆ. ಇದೆಲ್ಲ ಯಾಕೀಗ ಎಂಬಂತೆ ಕಾಲು ಎಳೆದುಕೊಂಡಳು. ಗೌಡರ ಹಗ್ಗವನ್ನು ಎರಡು ಕೈಯಲ್ಲೂ ಹಿಡಿದು ಜಗ್ಗಿ, ಗಟ್ಟಿಯಾಗಿದೆ, ಸುಮ್ಮನೆ ಯಾಕೆ ಪೆಟ್ಟಿಗೆಯಲ್ಲಿ, ತಾರಸಿಯ ಮೇಲೆ ಕಟ್ಟು ಎಂದಳು. ಮಾರನೆಯ ಬೆಳಿಗ್ಗೆ ಸ್ಕೂಲಿಗೆ ಹೊರಡುವ ಮೊದಲು ಎರಡು ಕಂಬಕ್ಕೆ ಕಟ್ಟಿದೆ. ಅವಳ ಸೀರೆಗಳನ್ನು ಈಗ ಅದರ ಮೇಲೆಯೇ ಒಣಹಾಕುತ್ತೇನೆ.